ಸಂಧಿವಾತದ ಔಷಧಗಳೂ ಚರ್ಮದ ವರ್ಣವಿಕಾರವೂ

ಸಂಧಿವಾತದ ಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಬಾವು ಇಳಿದುದನ್ನೂ ಕೀಲು ಉಳಿದುದನ್ನೂ ಲೆಕ್ಕವಿಟ್ಟು, ಅದೇ ಔಷಧವು ರೋಗಿಯ ಮೈಮೇಲೆ ಬಿಟ್ಟುಹೋದ ಬಣ್ಣವನ್ನು ಅಡಿಟಿಪ್ಪಣಿಗೆ ತಳ್ಳಿಬಿಡುವುದುಂಟು. ಆದರೆ ಈ ಔಷಧಗಳ ವಂಶವೃಕ್ಷವನ್ನು ಬೇರಿನವರೆಗೂ ಶೋಧಿಸಿದರೆ, ಅವುಗಳಲ್ಲಿ ಹಲವು ಮೊದಲಿನಿಂದಲೂ ಮಸಿ, ರಂಗುಗಳ ಕುಲಕ್ಕೆ ಸೇರಿದವೆಂದೂ, ವರ್ಣವಿಕಾರವು ಅವುಗಳಿಗೆ ಆಕಸ್ಮಿಕವಾಗಿ ಅಂಟಿದ ದೋಷವಲ್ಲವೆಂದೂ ತೋರಿಬರುತ್ತದೆ.

ಮಾಕಣಿಯ ಸೀಮೆಯಲ್ಲಿ, ಎಂದರೆ ಉಮರಗಾ, ನಿಲಂಗಾ, ಉದಗೀರಗಳ ಕನ್ನಡವೂ ಮರಾಠಿಯೂ ಬೆರೆತ ಕರಿನೆಲದಲ್ಲಿ, ಈ ಚರಿತ್ರೆಯನ್ನು ಬಿಬ್ಬಾದಿಂದಲೇ ಆರಂಭಿಸಬೇಕಾಗುತ್ತದೆ. ಸಂಸ್ಕೃತದ ಭಲ್ಲಾತಕ, ಕನ್ನಡದ ಕರಿಗೇರು ಇದೇ. ಇದರ ಕಾಯಿಯ ಸಿಪ್ಪೆಯಲ್ಲಿರುವ ದಟ್ಟ ತೈಲವು ಗಾಳಿ ತಾಕಿದೊಡನೆ ಕಪ್ಪೇರಿ ಅಳಿಯದಂತೆ ನಿಲ್ಲುವುದರಿಂದ, ಅಗಸರು ಬಟ್ಟೆಗಳಿಗೆ ಗುರುತು ಹಾಕಲು ಅದನ್ನು ತಲೆಮಾರುಗಳಿಂದ ಬಳಸುತ್ತಿದ್ದರು. ಅದೇ ತೈಲವನ್ನು ನೋಯುವ ಮೊಣಕಾಲಿಗೆ ಚುಚ್ಚಿ ಹಚ್ಚುವ ಮನೆಮದ್ದೂ ಬಹುಕಾಲದಿಂದ ನಡೆದುಬಂದಿದೆ. ಅದು ಚರ್ಮವನ್ನು ಸುಟ್ಟು, ಬೊಬ್ಬೆಯೆಬ್ಬಿಸಿ, ಗಾಯ ಮಾಯ್ದ ಮೇಲೂ ಕರಿಯ ಕಲೆಯನ್ನು ಉಳಿಸುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಭಲ್ಲಾತಕವನ್ನು ರಸಾಯನಗಳಲ್ಲಿ ಎಣಿಸಿದ್ದರೂ ಅದರ ಅಗ್ನಿಸದೃಶವಾದ ತೀಕ್ಷ್ಣತೆಯನ್ನು ಮರೆತಿಲ್ಲ. ವೈದ್ಯರು ಅದನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ, ತೈಲವನ್ನು ಹೀರಿಸಿ ಶೋಧಿಸಿದ ಬಳಿಕವೇ ಬಳಸುವ ಕ್ರಮವನ್ನು ಇಟ್ಟುಕೊಂಡಿದ್ದರು. ಶಾಸ್ತ್ರದ ಈ ಎಚ್ಚರಿಕೆ ಮನೆಮದ್ದಿಗೆ ಇಳಿಯುವಾಗ ಉದುರಿಹೋದುದೇ ಅನೇಕರ ಮೊಣಕಾಲುಗಳ ದುರ್ದೈವವೆಂದು ನನಗೆ ತೋರುತ್ತದೆ.

ಪಾಶ್ಚಾತ್ಯ ವೈದ್ಯದಲ್ಲಿ ಮೊದಲು ಬಂದದ್ದು ಚಿನ್ನ. 1890ರಲ್ಲಿ ರಾಬರ್ಟ್ ಕಾಖ್ ಚಿನ್ನದ ಲವಣವೊಂದು ಕ್ಷಯಾಣುಗಳ ಬೆಳವಣಿಗೆಯನ್ನು ತಡೆಯುವುದೆಂದು ಕಂಡಿದ್ದನು. ಸಂಧಿವಾತವೂ ಕ್ಷಯದಂತೆ ಸೋಂಕಿನಿಂದ ಬರುವುದೆಂಬ ಅಂದಿನ ಊಹೆಯನ್ನು ಹಿಡಿದು ಫ್ರಾನ್ಸಿನ ಜಾಕ್ ಫೊರೆಸ್ಟಿಯೆ 1929ರಲ್ಲಿ ಚಿನ್ನದ ಲವಣಗಳನ್ನು ಕೀಲುಬೇನೆಗೆ ಪ್ರಯೋಗಿಸಿದನು. ಊಹೆ ತಪ್ಪಾಗಿತ್ತು, ಮದ್ದು ನಾಟಿತು. ಆದರೆ ವರ್ಷಗಟ್ಟಲೆ ಸೂಜಿಮದ್ದು ಪಡೆದವರ ಮುಖವೂ ಕೈಗಳೂ, ವಿಶೇಷವಾಗಿ ಕಣ್ಣಿನ ಸುತ್ತಲಿನ ಚರ್ಮವೂ, ನೇರಿಳೆ ಬೆರೆತ ಬೂದಿಬಣ್ಣಕ್ಕೆ ತಿರುಗಿದುವು. ಕ್ರೈಸಿಯಾಸಿಸ್ ಎಂದು ಕರೆಯಲಾದ ಈ ವಿಕಾರದಲ್ಲಿ ಚಿನ್ನದ ಕಣಗಳು ಒಳಚರ್ಮದ ಜೀವಕೋಶಗಳಲ್ಲಿ ತಂಗುತ್ತವೆ. ಬಿಸಿಲು ಬೀಳುವ ಭಾಗಗಳಲ್ಲಿ ಮಾತ್ರವೇ ಬಣ್ಣವು ಪ್ರಕಟವಾಗುತ್ತದೆ. ಮದ್ದು ನಿಲ್ಲಿಸಿದರೂ ಅದು ಮರೆಯಾಗುವುದಿಲ್ಲ.

ಎರಡನೆಯ ಧಾರೆ ಹರಿದುಬಂದದ್ದು ಮಲೇರಿಯಾದಿಂದ. ಮಾಕಣಿಯು ಆಗ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿಯೇ, ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡನೆಂಬುದು ಪ್ರಸಿದ್ಧ. ಅದಕ್ಕೂ ಮುನ್ನ, 1891ರಲ್ಲಿ, ಪಾಲ್ ಎರ್ಲಿಚ್ ಮೆಥಿಲೀನ್ ನೀಲಿಯೆಂಬ ಬಟ್ಟೆಯ ಬಣ್ಣವನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟಿದ್ದನು. ಆ ದಾರಿಯಲ್ಲಿ ಮುಂದುವರಿದ ಜರ್ಮನ್ ರಸಾಯನಜ್ಞರು 1930ರ ದಶಕದ ಆರಂಭದಲ್ಲಿ ಮೆಪಾಕ್ರಿನ್ ಎಂಬ ಹಳದಿ ಔಷಧವನ್ನೂ, 1934ರಲ್ಲಿ ಹಾನ್ಸ್ ಆಂಡರ್ಸಾಗ್ ಕ್ಲೋರೋಕ್ವಿನ್ ಅನ್ನೂ ಸಿದ್ಧಪಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮೆಪಾಕ್ರಿನ್ ನುಂಗಿದ ಸೈನಿಕರು ಕಾಮಾಲೆಯಿಲ್ಲದೆಯೇ ಹಳದಿಯಾದರು. 1951ರಲ್ಲಿ ಫ್ರಾನ್ಸಿಸ್ ಪೇಜ್ ಅದೇ ಔಷಧದಿಂದ ಲೂಪಸ್ ರೋಗಿಗಳು ಸುಧಾರಿಸಿದುದನ್ನು ವರದಿಮಾಡಿದ ತರುವಾಯ ಈ ಗುಂಪಿನ ಔಷಧಗಳು ಸಂಧಿವಾತದ ಚಿಕಿತ್ಸೆಗೂ ಬಂದುವು. ಇಂದು ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಇದೇ ಸಂತತಿ. ಅದು ಚರ್ಮದ ಸಹಜವರ್ಣವಾದ ಮೆಲನಿನ್ನಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ಮೊಣಕಾಲಿನ ಕೆಳಗಿನ ಮುಂಗಾಲು, ಮುಖ, ಅಂಗುಳು, ಉಗುರುಗಳಲ್ಲಿ ನೀಲಿಗಪ್ಪು ಮೂಡುತ್ತದೆ. ಪೆಟ್ಟುಬಿದ್ದು ರಕ್ತ ಹೆಪ್ಪುಗಟ್ಟಿದ್ದ ಜಾಗಗಳಲ್ಲಿ ಕಬ್ಬಿಣದ ಅಂಶವೂ ಅದರೊಡನೆ ಸೇರಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡುಬಂದಿದೆ.

ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದೇ ರೂಪಿಸಿದ ಸಲ್ಫಾಸಲಜಿನ್ ಕೂಡ ಅಜೋಬಂಧವುಳ್ಳ ವಸ್ತು, ಎಂದರೆ ಕೃತಕ ರಂಗುಗಳ ದಾಯಾದಿ. ಅದು ಮೂತ್ರವನ್ನೂ ಕೆಲವೊಮ್ಮೆ ಚರ್ಮವನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಆದರೆ ನಿಲ್ಲಿಸಿದರೆ ಹೋಗುತ್ತದೆ. ಸಂಧಿವಾತಕ್ಕೂ ಬಳಸಿದ ಮಿನೋಸೈಕ್ಲಿನ್ ಹಳೆಯ ಗಾಯದ ಕಲೆಗಳನ್ನು ನೀಲಿಗಪ್ಪಾಗಿಸುವುದುಂಟು.

ಬಿಸಿಲಿನಲ್ಲಿ ತೊಗರಿ, ಜೋಳದ ಹೊಲಗಳಲ್ಲಿ ದುಡಿಯುವ ಹೆಂಗಸಿನ ಕಾಲು ಕಪ್ಪೇರಿದರೆ ಬಿಸಿಲನ್ನು ದೂರಿ ಸುಮ್ಮನಾಗುವುದು ಸುಲಭ. ಇಲ್ಲವೇ ಕುಷ್ಠವೆಂದು ಬೆದರಿ ಗುಳಿಗೆಯನ್ನು ಬಿಟ್ಟು, ಕೀಲು ಕೆಡಿಸಿಕೊಳ್ಳುವುದೂ ಸುಲಭ. ಹೈಡ್ರಾಕ್ಸಿಕ್ಲೋರೋಕ್ವಿನ್ನಿನ ಕಲೆ ಸಾಮಾನ್ಯವಾಗಿ ನಿರಪಾಯಕರವೆಂದೂ, ಔಷಧವನ್ನು ನಿಲ್ಲಿಸಿದರೆ ತಿಂಗಳುಗಳ ಮೇಲೆ ಮೆಲ್ಲನೆ ಮಸುಕಾಗುವುದೆಂದೂ, ಕೆಲವರಲ್ಲಿ ಪೂರ್ತಿ ಅಳಿಯದೆಂದೂ ವೈದ್ಯನು ಮೊದಲ ಚೀಟಿ ಬರೆಯುವಾಗಲೇ ರೋಗಿಯ ಭಾಷೆಯಲ್ಲಿ ಹೇಳಬೇಕು. ಕಣ್ಣಿನ ಪರದೆಯ ವಿಷಯ ಮಾತ್ರ ಬೇರೆ: ಅಲ್ಲಿ ಆಗುವ ಹಾನಿ ಮರಳಿ ಸರಿಹೋಗದು, ಆದುದರಿಂದಲೇ ದಿನದ ಪ್ರಮಾಣವನ್ನು ದೇಹತೂಕದ ಕಿಲೋಗೆ 5 ಮಿಲಿಗ್ರಾಮಿನೊಳಗೆ ಇರಿಸಿ, ಆರಂಭದಲ್ಲೊಮ್ಮೆ ಕಣ್ಣನ್ನು ಪರೀಕ್ಷಿಸಿ, 5 ವರ್ಷಗಳ ಬಳಿಕ ಪ್ರತಿವರ್ಷವೂ ಪರೀಕ್ಷಿಸುವ ಪದ್ಧತಿಯನ್ನು ನೇತ್ರತಜ್ಞರು ವಿಧಿಸಿದ್ದಾರೆ.