ಒಡೆದು ಕೂಡಿದ ಕಥೆ: ಒಕಿನಾವಾದ ಕರಾಟೆ ಸಂಘಟನೆಗಳು

ಕರಾಟೆ ಸಂಘಗಳ ಸ್ಮರಣ ಸಂಚಿಕೆ ತೆರೆದರೆ ಗಣ್ಯರ ಸಂದೇಶ, ಪದಕ ಗೆದ್ದ ಮಕ್ಕಳ ಫೋಟೊ, ದಾನಿಗಳ ಪಟ್ಟಿ ತಪ್ಪದೆ ಸಿಗುತ್ತವೆ. ಸಂಘ ಯಾವಾಗ ಒಡೆಯಿತು, ಯಾಕೆ ಒಡೆಯಿತು ಎಂಬುದಕ್ಕೆ ಮಾತ್ರ ಅರ್ಧ ಪುಟವೂ ಇರುವುದಿಲ್ಲ. ಮುನಿಸಿಕೊಂಡು ಹೊರಟವರ ಹೆಸರನ್ನು ಬಿಟ್ಟು ಬರೆದ ಚರಿತ್ರೆಯಲ್ಲಿ ಹುರುಳು ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಕರಾಟೆಯ ತವರಾದ ಒಕಿನಾವಾ ದ್ವೀಪದ ಸಂಘಟನೆಗಳ ಕಥೆಯನ್ನು ಇಲ್ಲಿ ಹೇಳಲು ಹೊರಟಿರುವುದು ಅದಕ್ಕಾಗಿಯೇ. ಅಲ್ಲಿ ಒಡಕು ಬೇಕಾದಷ್ಟಿತ್ತು. ಅದನ್ನು ನಿಭಾಯಿಸಿದ ರೀತಿ ಮಾತ್ರ ಬೇರೆ.

ಮೊದಲಿಗೆ ಅಲ್ಲಿ ಸಂಘ ಎಂಬುದೇ ಇರಲಿಲ್ಲ. ರ‍್ಯೂಕ್ಯೂ ಎಂಬ ರಾಜ್ಯವನ್ನು 1879ರಲ್ಲಿ ಜಪಾನ್ ನುಂಗಿ ಒಕಿನಾವಾ ಪ್ರಾಂತ್ಯ ಮಾಡಿಕೊಂಡಾಗ ಈ ವಿದ್ಯೆ ಶೂರಿ, ನಾಹಾ, ತೊಮಾರಿ ಎಂಬ ಮೂರು ಊರುಗಳ ಹಿತ್ತಿಲಲ್ಲಿ, ಗುಟ್ಟಾಗಿ, ಒಬ್ಬ ಗುರು ನಾಲ್ಕಾರು ಶಿಷ್ಯರ ನಡುವೆ ನಡೆಯುತ್ತಿತ್ತು. ಮೂರೂ ಈಗ ನಾಹಾ ನಗರದೊಳಗೇ ಇವೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೂ ಒಂದೊಂದರ ಪಟ್ಟು, ನಿಲುವು, ಉಸಿರಾಟ ಬೇರೆ. ನಮ್ಮ ಮೈಸೂರಿನ ಗರಡಿಗಳಂತೆ, ಉಸ್ತಾದ್ ಬದಲಾದರೆ ವರಸೆಯೂ ಬದಲು.

ಹಿತ್ತಿಲ ವಿದ್ಯೆಯನ್ನು ಬಯಲಿಗೆ ತಂದವರು ಇತೋಸು ಅಂಕೊ. 1901ರಲ್ಲಿ ಶೂರಿಯ ಪ್ರಾಥಮಿಕ ಶಾಲೆಯಲ್ಲಿ ಕರಾಟೆ ಪಾಠ ಶುರುವಾಯಿತು. ಹಳೆಯ ಕಷ್ಟದ ಕಟಾಗಳು, ಅಂದರೆ ಗೊತ್ತಾದ ಕ್ರಮದ ವರಸೆಗಳು, ಎಳೆಯ ಮಕ್ಕಳಿಗೆ ಒಗ್ಗುವುದಿಲ್ಲವೆಂದು ಅವರು ಐದು ಪಿನಾನ್ ಕಟಾಗಳನ್ನು ಕಟ್ಟಿಕೊಟ್ಟರು. 1908ರಲ್ಲಿ ಹತ್ತು ಅಂಶಗಳ ಪತ್ರವೊಂದನ್ನು ಬರೆದು, ಇದನ್ನು ಶಾಲೆಗಳಲ್ಲಿ ಯಾಕೆ ಕಲಿಸಬೇಕೆಂದು ಶಿಕ್ಷಣ ಇಲಾಖೆಯವರಿಗೆ ವಾದ ಮಂಡಿಸಿದರು. ಇಂದು ಕರ್ನಾಟಕದ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳು ಸಮಗ್ರ ಶಿಕ್ಷಣ ಯೋಜನೆಯಡಿ ಆತ್ಮರಕ್ಷಣೆಗೆಂದು ಕರಾಟೆ ಕಲಿಯುತ್ತಾರಲ್ಲ, ಆ ದಾರಿಯ ಮೊದಲ ಕಲ್ಲು ನೆಟ್ಟವರು ಈ ಮುದುಕ. ಅವರ ಶಿಷ್ಯರಲ್ಲೊಬ್ಬರಾದ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟ ಮೇಲೆ ವಿದ್ಯೆ ದ್ವೀಪದಿಂದ ಹೊರಬಿತ್ತು. ಅಲ್ಲಿಂದ ಮುಂದೆ ನಿಯಮ ಮಾಡುವವರು ಯಾರು ಎಂಬ ಜಗಳಕ್ಕೂ ಬೀಜ ಬಿತ್ತು.

1936ರ ಅಕ್ಟೋಬರ್ 25ರಂದು ನಾಹಾದಲ್ಲಿ ರ‍್ಯೂಕ್ಯೂ ಶಿಂಪೊ ಪತ್ರಿಕೆ ಹಿರಿಯ ಗುರುಗಳನ್ನು ಒಂದೆಡೆ ಕೂಡಿಸಿತು. ಹನಾಶಿರೊ ಚೋಮೊ, ಕ್ಯಾನ್ ಚೋತೋಕು, ಮೋತೊಬು ಚೋಕಿ, ಮಿಯಾಗಿ ಚೋಜುನ್, ಚಿಬಾನಾ ಚೋಶಿನ್ ಮೊದಲಾದವರು ಅಲ್ಲಿದ್ದರು. ಕರಾಟೆ ಎಂಬ ಹೆಸರನ್ನು ಹೇಗೆ ಬರೆಯಬೇಕೆಂದು ತೀರ್ಮಾನಿಸಿದ ಸಭೆಯೆಂದೇ ಅದು ಪ್ರಸಿದ್ಧ. ಅದೇ ದಿನವನ್ನು 2005ರಲ್ಲಿ ಒಕಿನಾವಾದ ಪ್ರಾಂತೀಯ ಸಭೆ ‘ಕರಾಟೆ ದಿನ’ ಎಂದು ಘೋಷಿಸಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಅಲ್ಲಿ ನಡೆದ ಇನ್ನೊಂದು ಮಾತುಕತೆ. ಎಲ್ಲರಿಗೂ ಒಂದೇ ಬಗೆಯ ಕಟಾ ಬೇಕೆಂಬ ಮಾತು ಬಂದಾಗ ಮಿಯಾಗಿ, ಹಳೆಯ ಕಟಾಗಳನ್ನು ಇದ್ದಂತೆಯೇ ಉಳಿಸಿಕೊಳ್ಳೋಣ, ಪ್ರಚಾರಕ್ಕೆ ಬೇಕಾದರೆ ಹೊಸತನ್ನು ಕಟ್ಟೋಣ ಎಂಬರ್ಥದ ಸಲಹೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಕೈಗೂಡಿತು. 1940ರ ಹೊತ್ತಿಗೆ ನಾಗಾಮಿನೆ ಶೋಶಿನ್ ಒಂದು, ಮಿಯಾಗಿ ಇನ್ನೊಂದು, ಹೀಗೆ ಎರಡು ಫುಕ್ಯೂಗಟಾಗಳು, ಅಂದರೆ ಪ್ರಚಾರದ ಕಟಾಗಳು, ಸಿದ್ಧವಾದವು. ಎರಡು ಬೇರೆ ಪರಂಪರೆಯವರು ಕಟ್ಟಿದ, ಯಾರು ಬೇಕಾದರೂ ಕಲಿಯಬಹುದಾದ ಕಟಾಗಳು. ಯಾರ ಗುರುಮನೆಯ ಆಸ್ತಿಗೂ ಕೈ ಹಾಕಲಿಲ್ಲ.

ಮುಂದಿನದು 1945ರ ಯುದ್ಧ. ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಕಾಳಗದಲ್ಲಿ ದ್ವೀಪದ ಜನರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಸತ್ತರು. ಶೂರಿಯ ಕೋಟೆಯ ಅಡಿಯಲ್ಲೇ ಜಪಾನಿ ಸೈನ್ಯದ ಮುಖ್ಯ ಠಾಣೆಯಿದ್ದುದರಿಂದ ಆ ಊರು ನೆಲಸಮವಾಯಿತು. ಮಿಯಾಗಿಯವರ ಉತ್ತರಾಧಿಕಾರಿ ಎಂದೇ ಎಣಿಸಿದ್ದ ಶಿಂಜಾತೊ ಜಿನ್‌ಆನ್ ತೀರಿಹೋದರು. ಕಾಳಗದಿಂದ ಬದುಕುಳಿದ ಕ್ಯಾನ್ ಚೋತೋಕು ಅದೇ ಸೆಪ್ಟೆಂಬರಿನಲ್ಲಿ ಕಣ್ಣುಮುಚ್ಚಿದರು. ಗುರು ಹೋದಲ್ಲಿ ವಿದ್ಯೆಯೂ ಹೋಯಿತು, ಬರೆದಿಟ್ಟಿದ್ದ ಕಾಗದಪತ್ರಗಳೂ ಹೋದವು. ಉಳಿದ ಮಿಯಾಗಿ ನಾಹಾದ ತಮ್ಮ ಮನೆಯಂಗಳದಲ್ಲೇ ಮತ್ತೆ ಕಲಿಸತೊಡಗಿ, 1953ರಲ್ಲಿ ತೀರಿಕೊಂಡರು.

ಸಂಘ ಹುಟ್ಟಿದ್ದು ಈ ಬೂದಿಯ ಮೇಲೆ. 1956ರಲ್ಲಿ ಒಕಿನಾವಾ ಕರಾಟೆ-ಡೊ ರೆನ್ಮೆಯ್ (ಒಕ್ಕೂಟ) ಸ್ಥಾಪನೆಯಾಗಿ ಚಿಬಾನಾ ಮೊದಲ ಅಧ್ಯಕ್ಷರಾದರು. ಶೋರಿನ್-ರ‍್ಯೂ, ಗೋಜು-ರ‍್ಯೂ, ಉಯೆಚಿ-ರ‍್ಯೂ ಪಂಥಗಳ ಮುಖ್ಯಸ್ಥರು ಒಂದೇ ಮೇಜಿನ ಸುತ್ತ ಕೂತರು. ಆಗ ದ್ವೀಪ ಅಮೆರಿಕದ ಆಡಳಿತದಲ್ಲಿತ್ತು. ನೆಲೆಗಳಲ್ಲಿದ್ದ ಸೈನಿಕರು ಸಂಜೆ ಡೋಜೋ ಎಂಬ ಕರಾಟೆ ಅಭ್ಯಾಸಶಾಲೆಗಳಿಗೆ ಬರುತ್ತಿದ್ದರು. ಅವಧಿ ಮುಗಿಸಿ ಊರಿಗೆ ಹೋದವರು ತಾವೇ ಕ್ಲಾಸ್ ತೆರೆಯುತ್ತಿದ್ದರು. ಅಂಥ ಸಮಯದಲ್ಲಿ ಡಾನ್ ಎಂಬ ಕಪ್ಪು ಬೆಲ್ಟ್ ದರ್ಜೆಯ ಪ್ರಮಾಣಪತ್ರಕ್ಕೆ ಒಂದು ಮರ್ಯಾದೆ ಇರಬೇಕಾದರೆ ಅದರ ಹಿಂದೆ ಸಂಸ್ಥೆಯೊಂದು ಬೇಕೇಬೇಕಿತ್ತು. ಬೆಲ್ಟ್ ಮಾರಾಟದ ಬಗ್ಗೆ ಇಂದು ನಮ್ಮಲ್ಲಿ ಗೊಣಗುವವರು ಇದನ್ನು ಗಮನಿಸಬೇಕು.

ಒಗ್ಗಟ್ಟು ಹೆಚ್ಚು ಕಾಲ ಬಾಳಲಿಲ್ಲ. ಮೊದಲ ಅಧ್ಯಕ್ಷರೇ 1961ರಲ್ಲಿ ಹೊರಬಂದು ತಮ್ಮ ಶೋರಿನ್-ರ‍್ಯೂ ಸಂಘ ಕಟ್ಟಿಕೊಂಡರು. 1967ರಲ್ಲಿ ರೆನ್ಮೆಯ್ ಅಖಿಲ ಒಕಿನಾವಾ ಒಕ್ಕೂಟವಾಗಿ ಹೊಸ ರೂಪ ತಳೆಯಿತು. 1972ರ ಮೇ 15ರಂದು ದ್ವೀಪ ಮತ್ತೆ ಜಪಾನಿನ ಕೈಸೇರಿತು. ದೊಡ್ಡ ಒಡಕು ಬಂದದ್ದು 1981ರಲ್ಲಿ, ರಾಷ್ಟ್ರೀಯ ಕ್ರೀಡಾಕೂಟದ ಕಾರಣಕ್ಕೆ. ಕೂಟದಲ್ಲಿ ಭಾಗವಹಿಸಬೇಕಾದರೆ 1964ರಲ್ಲಿ ಹುಟ್ಟಿದ ಅಖಿಲ ಜಪಾನ್ ಒಕ್ಕೂಟದ ಸದಸ್ಯತ್ವ, ಅದರ ನಿಯಮ, ಅದು ಗೊತ್ತುಮಾಡಿದ ಕಟಾ ಒಪ್ಪಬೇಕು. ಆ ಒಕ್ಕೂಟ ಲೆಕ್ಕಕ್ಕೆ ಹಿಡಿದದ್ದು ಶೋಟೋಕಾನ್, ಗೋಜು, ಶಿಟೋ, ವಾಡೋ ಎಂಬ ನಾಲ್ಕು ಪಂಥಗಳನ್ನು. ಒಕಿನಾವಾದ ಶೋರಿನ್‌ಗೂ ಉಯೆಚಿಗೂ ಅದರಲ್ಲಿ ಜಾಗವಿರಲಿಲ್ಲ. ತವರಿನವರು ತಮ್ಮ ಕಟಾವನ್ನು ಬಿಟ್ಟು ಟೋಕಿಯೊದಲ್ಲಿ ತಿದ್ದಿದ ಕಟಾ ಮಾಡಬೇಕೆ ಎಂದು ಒಂದು ಗುಂಪು ಸಿಡಿಯಿತು. ನಮ್ಮ ಮಕ್ಕಳು ಸ್ಪರ್ಧೆಯಿಂದ ಹೊರಗುಳಿಯಬೇಕೆ ಎಂದು ಇನ್ನೊಂದು ಗುಂಪು ಕೇಳಿತು. ಎರಡನೆಯವರು ಬೇರೆಯಾಗಿ ಪ್ರಾಂತೀಯ ಒಕ್ಕೂಟ ಕಟ್ಟಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಹಟವೂ ಇದ್ದಿರಬೇಕು, ಯಾವ ಸಂಘದಲ್ಲಿ ಇರುವುದಿಲ್ಲ?

ಮತ್ತೆ ಕೂಡಲು 27 ವರ್ಷ ಬೇಕಾಯಿತು. 2008ರಲ್ಲಿ ನಾಲ್ಕು ಸಂಸ್ಥೆಗಳು ಸೇರಿ ಒಕಿನಾವಾ ಸಾಂಪ್ರದಾಯಿಕ ಕರಾಟೆ ಅಭಿವೃದ್ಧಿ ಮಂಡಳಿಯನ್ನು, ಅಲ್ಲಿನ ಹೆಸರಿನಲ್ಲಿ ‘ದೆಂತೊ ಕರಾಟೆ-ಡೊ ಶಿಂಕೋಕಾಯ್’ ಅನ್ನು, ಸ್ಥಾಪಿಸಿದವು. ಪ್ರಾಂತ್ಯದ ಗವರ್ನರ್ ಅದಕ್ಕೆ ಅಧ್ಯಕ್ಷರು. ನಾಲ್ಕು ಬಣಗಳಲ್ಲಿ ಯಾರೊಬ್ಬರೂ ಆ ಕುರ್ಚಿಯಲ್ಲಿ ಕೂರುವಂತಿಲ್ಲದ್ದರಿಂದ ಅರ್ಧ ಜಗಳ ಅಲ್ಲಿಗೇ ಮುಗಿಯಿತು ಎಂದು ನನ್ನ ಊಹೆ. ಯಾವ ಸಂಸ್ಥೆಯನ್ನೂ ಮುಚ್ಚಲಿಲ್ಲ. ಡಾನ್ ಪರೀಕ್ಷೆ, ಕಟಾ, ಗುರುಪರಂಪರೆ ಎಲ್ಲವೂ ಅವರವರ ಬಳಿಯೇ ಉಳಿದವು. ಕೂಡಿ ಮಾಡುವಂಥದ್ದು ಮಾತ್ರ ಮಂಡಳಿಗೆ ಬಂತು.

ಹಾಗೆ ಕೂಡಿ ಮಾಡಿದ್ದು ಸಣ್ಣದಲ್ಲ. 2016ರಲ್ಲಿ ಪ್ರಾಂತೀಯ ಸರ್ಕಾರ ಕರಾಟೆಗೆಂದೇ ಒಂದು ವಿಭಾಗ ತೆರೆಯಿತು. ಅದೇ ಅಕ್ಟೋಬರಿನಲ್ಲಿ ನಾಹಾದ ಕೊಕುಸಾಯ್ ಬೀದಿಯಲ್ಲಿ 3,973 ಮಂದಿ ಒಟ್ಟಿಗೆ ಕಟಾ ಮಾಡಿ ಗಿನ್ನೆಸ್ ದಾಖಲೆ ಬರೆದರು. 2017ರ ಮಾರ್ಚಿನಲ್ಲಿ ತೊಮಿಗುಸುಕು ನಗರದಲ್ಲಿ, ಹಳೆಯ ಕೋಟೆಯಿದ್ದ ದಿಬ್ಬದ ಮೇಲೆ, ಕರಾಟೆ ಕೈಕಾನ್ ಎಂಬ ಭವನ ತೆರೆಯಿತು. ಡೋಜೋ, ವಸ್ತುಸಂಗ್ರಹ, ಹೊರದೇಶದಿಂದ ಗುರುವನ್ನು ಹುಡುಕಿ ಬರುವವರಿಗೆ ಮಾಹಿತಿ ಕೇಂದ್ರ ಎಲ್ಲವೂ ಅಲ್ಲಿವೆ. 2018ರ ಆಗಸ್ಟ್‌ನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕೂಟದಲ್ಲಿ ಕಟಾ ಸ್ಪರ್ಧೆಯನ್ನು ಶೂರಿ-ತೊಮಾರಿ, ನಾಹಾ, ಉಯೆಚಿ ಎಂದು ಪರಂಪರೆವಾರು ವಿಂಗಡಿಸಿದರು. 1981ರ ತಕರಾರಿಗೆ ಅದೇ ಉತ್ತರ.

ಹೊರಗಿನ ಸ್ಪರ್ಧೆಗೆ ಹೋದವರು ತವರಿಗೆ ದ್ರೋಹ ಬಗೆದರು ಎನ್ನಲೂ ಆಗದು. ರ‍್ಯೂಯೆಯ್-ರ‍್ಯೂ ಎಂಬ ಪಂಥ ನಾಕಾಯಿಮಾ ಮನೆತನದ ಒಳಗೇ ಇತ್ತು. 1970ರ ದಶಕದ ಆರಂಭದಲ್ಲಷ್ಟೇ ಅದು ಹೊರಗಿನವರಿಗೆ ಬಾಗಿಲು ತೆರೆಯಿತು. ಅಲ್ಲಿ ಕಲಿತ ಸಾಕುಮೋತೊ ತ್ಸುಗುವೊ 1984, 1986, 1988ರಲ್ಲಿ ಸತತ ಮೂರು ಬಾರಿ ವಿಶ್ವ ಕಟಾ ಚಾಂಪಿಯನ್ ಆದರು. ಅವರ ಶಿಷ್ಯ ಕಿಯೂನಾ ರ‍್ಯೋ 2021ರ ಆಗಸ್ಟ್ 6ರಂದು ಟೋಕಿಯೊದ ಬುಡೋಕಾನ್‌ನಲ್ಲಿ ಅದೇ ಪಂಥದ ‘ಓಹಾನ್ ದಾಯ್’ ಕಟಾ ಮಾಡಿ ಒಲಿಂಪಿಕ್ ಚಿನ್ನ ಗೆದ್ದರು. ಒಕಿನಾವಾದವರಿಗೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು.

ನಮ್ಮ ಊರುಗಳ ಬೋರ್ಡುಗಳಲ್ಲೂ ಶಿಟೋ-ರ‍್ಯೂ, ಗೋಜು-ರ‍್ಯೂ, ಶೋಟೋಕಾನ್ ಹೆಸರುಗಳಿವೆ. ಒಂದೇ ತಾಲ್ಲೂಕಿನಲ್ಲಿ ಮೂರು ಬೋರ್ಡು ಇದ್ದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಮೂವರೂ ಕೂಡಿ ಒಂದು ಕೂಟ, ಒಂದು ತೀರ್ಪುಗಾರರ ಶಿಬಿರ ನಡೆಸಲಾರದಿದ್ದರೆ ಆಗ ನಾಚಬೇಕು. ಇನ್ನೊಂದು ಮನವಿ. ಒಕಿನಾವಾದ ದಾಖಲೆಗಳನ್ನು ಯುದ್ಧ ಸುಟ್ಟಿತು. ನಮ್ಮವನ್ನು ನಾವೇ ಗೆದ್ದಲಿಗೆ ಬಿಟ್ಟಿದ್ದೇವೆ. ಸರ್ಕಾರಿ ಶಾಲೆಯ ಅಂಗಳದಲ್ಲಿ, ಕಲ್ಯಾಣ ಮಂಟಪದ ತಾರಸಿಯ ಮೇಲೆ ಮೊದಲ ಕ್ಲಾಸ್ ನಡೆಸಿದ ಹಿರಿಯ ಮಾಸ್ತರರು ಇನ್ನೂ ನಮ್ಮ ನಡುವೆ ಇದ್ದಾರೆ. ಪ್ರತಿ ಡೋಜೋದವರೂ ಅವರನ್ನು ಕೂರಿಸಿ ಮಾತಾಡಿಸಿ, ಹಳೆಯ ಹಾಜರಿ ಪುಸ್ತಕ, ಗ್ರೇಡಿಂಗ್ ಪಟ್ಟಿ, ಫೋಟೊಗಳ ಪ್ರತಿ ತೆಗೆದಿಡಿ. ಸಂಘ ಬಿಟ್ಟು ಹೋದವರ ಹೆಸರನ್ನೂ ಅದರಲ್ಲಿ ಸೇರಿಸಿ.