ಭೂಮಿಯ ನಡು ಉಬ್ಬಿದ ಕಥೆ

ಭೂಮಿ ದುಂಡಗಿದೆಯೆಂದು ನಾವೆಲ್ಲ ಬಲ್ಲೆವು. ಅದರ ನಡು ತುಸು ಉಬ್ಬಿದೆಯೆಂದು ತಿಳಿದುಬಂದದ್ದು ಹೇಗೆ, ಬಲ್ಲಿರಾ?

1672ರಲ್ಲಿ ರಿಷೆ ಎಂಬ ಫ್ರೆಂಚ್ ವಿದ್ವಾಂಸನು ಭೂಮಧ್ಯರೇಖೆಗೆ ಸಮೀಪದ ಕಯೆನ್ನಿಗೆ ಹೋದನು. ಪ್ಯಾರಿಸಿನಲ್ಲಿ ಸರಿಯಾಗಿದ್ದ ಅವನ ಲೋಲಕದ ಗಡಿಯಾರವು ಅಲ್ಲಿ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬಿದ್ದಿತು! ತಿರುಗುವ ಭೂಮಿಯ ನಡು ಉಬ್ಬಲೇಬೇಕು, ಅಲ್ಲಿ ಸೆಳೆತ ಕುಗ್ಗಲೇಬೇಕು ಎಂದು 1687ರಲ್ಲಿ ಇಂಗ್ಲೆಂಡಿನ ನ್ಯೂಟನ್ ಗಣಿತದಿಂದ ತೋರಿದನು. ಪ್ಯಾರಿಸಿನ ಕಸ್ಸೀನಿ ಮನೆತನದವರಾದರೋ, ತಮ್ಮ ನಾಡನ್ನು ಅಳೆದು, ಭೂಮಿ ಧ್ರುವಗಳತ್ತ ನೀಳವಾಗಿದೆಯೆಂದರು.

ವಾದದಿಂದ ತೀರದ ವ್ಯಾಜ್ಯವನ್ನು ಅಳತೆಗೋಲು ತೀರಿಸಿತು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು 1735ರಲ್ಲಿ ಪೆರುವಿಗೂ 1736ರಲ್ಲಿ ಲ್ಯಾಪ್ಲೆಂಡಿಗೂ ತಂಡಗಳನ್ನು ಕಳುಹಿಸಿತು. ಭೂಮಿ ಚಪ್ಪಟೆಯಾದೆಡೆ ಒಂದು ಅಕ್ಷಾಂಶದ ದೂರ ಹೆಚ್ಚಬೇಕಷ್ಟೆ? ಉತ್ತರದ ಲ್ಯಾಪ್ಲೆಂಡಿನಲ್ಲಿ ಅದು ಹೆಚ್ಚೇ ಇತ್ತು. ಪೆರುವಿನ ಅಳತೆಯೂ ಅದನ್ನೇ ಸಾರಿತು. ಧ್ರುವದ ತ್ರಿಜ್ಯಕ್ಕಿಂತ ನಡುವಿನ ತ್ರಿಜ್ಯ ಸುಮಾರು 21 ಕಿಲೋಮೀಟರು ಹೆಚ್ಚೆಂದು ಇಂದು ಬಲ್ಲೆವು.

ಹಣ ಫ್ರೆಂಚರದು, ಶ್ರಮ ಫ್ರೆಂಚರದು; ಗೆದ್ದದ್ದು ನ್ಯೂಟನ್ನನ ಮಾತು. ಸತ್ಯಕ್ಕೆ ಸ್ವದೇಶ ಪರದೇಶಗಳೆಂಬ ಭೇದವೆಲ್ಲಿ?