ಹೊಲಕ್ಕೆ ಹಾಕುವ ಗೋಡು ಯಾವ ಹಳ್ಳದ್ದು?

ಬೇಸಿಗೆ ಬಂತೆಂದರೆ ನಮ್ಮ ಹುಲಗೂರು ಕಡೆ ಕೆರೆಯ ಗೋಡು ಟ್ರ್ಯಾಕ್ಟರ್ ಏರಿ ಹೊಲ ಸೇರುತ್ತದೆ. ಗೋಡು ಹಾಕಿದ ಹೊಲವನ್ನು ಪೈರು ನೋಡಿಯೇ ಹೇಳಬಹುದು ಅನ್ನುತ್ತಾರೆ ಹಿರಿಯರು. ಮಾತು ಸುಳ್ಳಲ್ಲ. ಆದರೆ ಆ ಗೋಡು ಕಾರ್ಖಾನೆ ನೀರು ಹರಿದ ಹಳ್ಳದ್ದಾಗಿದ್ದರೆ? ಹೀಗೆ ಕೇಳಲು ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಕಾರಣವಿದೆ.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರಾ ದಂಡೆಯ ಮೇಲೆ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಕಟ್ಟಿಗೆಯಿಂದ ತಿರುಳು ತೆಗೆಯುವ ಕಾರ್ಖಾನೆ ಅದು. 1977ರಲ್ಲಿ ತಿರುಳಿನಿಂದ ರೇಯಾನ್ ಎಳೆ ಮಾಡುವ ಘಟಕವೂ ಬಂತು. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಅಂದರೆ ಕಾರ್ಖಾನೆ ಮೊದಲು, ಕಾನೂನು ಆಮೇಲೆ.

80ರ ದಶಕದಲ್ಲಿ ಹೊಳೆಯಲ್ಲಿ ಮೀನು ಸತ್ತು ತೇಲಿದವು. ಕೆಳಗಿನ ಊರುಗಳ ಜನ ಬೀದಿಗಿಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಅದೇ ಕಾರ್ಖಾನೆಗಾಗಿ ಊರ ಗೋಮಾಳಗಳಲ್ಲಿ ನೀಲಗಿರಿ ಬೆಳೆಸಲು ಹೊರಟಾಗ, 1987ರ ನವೆಂಬರ್ 14ರಂದು ನಮ್ಮ ನೆರೆಯ ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಚಳವಳಿ ನಡೆಯಿತು. ಜನ ನೀಲಗಿರಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು.

ಸತ್ತ ಮೀನು ಕಣ್ಣಿಗೆ ಕಂಡಿತು, ಜನ ಎದ್ದರು. ಲೋಹ ಹಾಗೆ ಕಾಣುವುದಿಲ್ಲ. ರೇಯಾನ್ ಎಳೆ ಮಾಡುವಾಗ ಜಿಂಕ್ ಸಲ್ಫೇಟ್ ಬೇಕು. ಭತ್ತಕ್ಕೆ ನಾವೇ ಹಾಕುವುದೂ ಅದನ್ನೇ. ಮಿತಿಯಲ್ಲಿದ್ದರೆ ಪೋಷಕ, ಮೀರಿದರೆ ವಿಷ. ಬೇರೆ ಕಾರ್ಖಾನೆಗಳಿಂದ ಬರುವ ಸೀಸ, ಕ್ಯಾಡ್ಮಿಯಂಗಳಂತೂ ಬೆಳೆಗೆ ಬೇಡವೇ ಬೇಡ. ಇವು ಸಗಣಿಯಂತೆ ಕೊಳೆಯುವುದಿಲ್ಲ. ನೀರು ಹರಿದುಹೋದರೂ ಗೋಡಿಗೆ ಅಂಟಿ ಉಳಿಯುತ್ತವೆ. ಮಣ್ಣು ಹುಳಿಯಾದಷ್ಟೂ ಬೇರಿಗೆ ಸುಲಭವಾಗಿ ಸಿಗುತ್ತವೆ. ಸೊಪ್ಪು ತರಕಾರಿಗಳಲ್ಲಿ ಹೆಚ್ಚು ಸೇರಿಕೊಳ್ಳುತ್ತವೆ.

ಮಣ್ಣು ಕೆಟ್ಟರೆ ಏನಾಗುತ್ತದೆಂದು ಜಪಾನಿನ ಜಿಂಜು ನದಿ ಬಯಲಿನ ರೈತರು ಅನುಭವಿಸಿದ್ದಾರೆ. ಮೇಲಿನ ಗಣಿಯ ಕ್ಯಾಡ್ಮಿಯಂ ನೀರಿನೊಂದಿಗೆ ಭತ್ತದ ಗದ್ದೆಗೆ ಬಂತು. ಅನ್ನ ಉಂಡವರ, ಅದರಲ್ಲೂ ಹೆಂಗಸರ, ಮೂಳೆ ಮುರಿಯತೊಡಗಿದವು. ಆ ರೋಗಕ್ಕೆ 'ಇತಾಯ್ ಇತಾಯ್' ಎಂದು ಹೆಸರಾಯಿತು. ಅಂದರೆ 'ನೋವು, ನೋವು'. ಕಾರಣ ಕ್ಯಾಡ್ಮಿಯಂ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಸರಿಪಡಿಸಿ ಮುಗಿದದ್ದು 2012ರಲ್ಲಿ. 1972ರಲ್ಲಿ ಮೊಕದ್ದಮೆ ಗೆದ್ದ ಜನ ಪರಿಹಾರದ ಜೊತೆಗೆ ಇನ್ನೊಂದನ್ನು ಬರೆಸಿಕೊಂಡರು: ಕಂಪನಿಯ ಖರ್ಚಿನಲ್ಲಿ, ಬೇಕೆಂದಾಗ ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕು.

ನಮ್ಮ ಕೈಯಲ್ಲಿ 2015ರಿಂದ ಮಣ್ಣು ಆರೋಗ್ಯ ಚೀಟಿ ಇದೆ. ಅದರಲ್ಲಿ 12 ಅಂಶಗಳಿವೆ. ಸತುವಿದೆ, ಆದರೆ ಅದು ಕೊರತೆ ನೋಡಲು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅದರಲ್ಲಿಲ್ಲ. ಚೀಟಿ ಚೆನ್ನಾಗಿದೆ ಅಂದಮಾತ್ರಕ್ಕೆ ಹೊಲದಲ್ಲಿ ವಿಷಲೋಹವಿಲ್ಲ ಎಂದಲ್ಲ.

ಆದ್ದರಿಂದ ಗೋಡು ಹೇರುವ ಮೊದಲು ಆ ನೀರು ಎಲ್ಲಿಂದ ಬರುತ್ತದೆಂದು ನೋಡಿ. ಮೇಲೆ ಕಾರ್ಖಾನೆ ಇದ್ದರೆ ಗೋಡು ಅಲ್ಲೇ ಇರಲಿ. ಲೋಹದ ಪರೀಕ್ಷೆ ಎಲ್ಲಿ ಆಗುತ್ತದೆಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ವರದಿ ಕೇಳಿ. ಕುಮಾರಪಟ್ಟಣದಲ್ಲಿ ಮೀನು ಸತ್ತ ಮೇಲೆ ಎಚ್ಚರವಾಯಿತು. ಮಣ್ಣಿನ ವಿಷಯದಲ್ಲಿ ಅಷ್ಟು ತಡ ಮಾಡಬಾರದು.